ದೊಡ್ಡಮ್ಮ ಎಂಬ ಹೊಸ ಮೆಷಿನ್ನು

ಕಟ್ಟಿಕೊಂಡ ಹೆಂಡತಿಯನ್ನು ಹತ್ತು ಜನರ ಎದುರಿಗೆ ‘ಮೆಷಿನ್ನು’ ಎಂದು ಕರೆದು, ಆಮೇಲೂ ಅವಳ ಕೈಯಿಂದ ಕಾಫಿ ಗಿಟ್ಟಿಸಿದ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ದೊಡ್ಡಪ್ಪ!

ನಾನು ಕಾಲೇಜಿಗೆಂದು ಹಲಸೂರಿನ ಅವರ ಮನೆಯಲ್ಲಿದ್ದೆ. ಎಪ್ಪತ್ತರ ದಶಕದ ಮಾತು. ದೊಡ್ಡಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್. ಲೋಹವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕಡೆಯುವ ಕೈ ಅವರದು. ಹಾಗಂತ ಒಬ್ಬಟ್ಟಿನ ದಪ್ಪವನ್ನೂ ಕ್ಯಾಲಿಪರ್ ಹಿಡಿದು ಅಳೆಯುವುದೇ? “ಈ ಕಡೆ ದಪ್ಪ ಆಯ್ತು, ರಿಜೆಕ್ಟ್ ಕಣೇ” ಎಂದು ದೊಡ್ಡಮ್ಮನಿಗೆ ವಾಪಸ್ ಕೊಡುತ್ತಿದ್ದರು! ರಿಜೆಕ್ಟ್ ಆದದ್ದೆಲ್ಲ ನನ್ನ ತಟ್ಟೆಗೆ ಬೀಳುತ್ತಿದ್ದರಿಂದ ನನ್ನದೇನೂ ತಕರಾರಿರಲಿಲ್ಲ.

ಇಂಥವರ ಕಾರ್ಖಾನೆಗೆ ಹೊಸ ಮೆಷಿನ್ನು ಬರುತ್ತದೆಂದು ಸುದ್ದಿಯಾಯಿತು. ತೂತು ಕೊರೆದ ಕಾಗದದ ಪಟ್ಟಿ ತುರುಕಿದರೆ ಸಾಕು, ಓದಿಕೊಂಡು ತಾನೇ ಕಡೆಯುತ್ತದಂತೆ! ಎಲ್ಲರ ಎದೆ ಧಸಕ್ಕೆಂದಿತು. ದೊಡ್ಡಪ್ಪನ ಜೊತೆಗಾರ, ಶಿವಾಜಿನಗರದ ರಹೀಂ ಸಾಹೇಬರು ನಮ್ಮ ಜಗಲಿಗೆ ಬಂದು ಕೂತರು.

“ಕ್ಯಾ ಕರ್ನಾ ಭಾಯ್? ನಮ್ ಕೈಗೆ ಪೊರಕೆ ಕೊಡ್ತಾರೆ, ಅಷ್ಟೇ.”

“ಸಾಬ್ರೇ, ಆ ಮೆಷಿನ್‌ಗೆ ಕೈ ಇದೆ, ತಲೆ ಇಲ್ಲ. ಹೇಳ್ಕೊಡೋಕೆ ನಾವೇ ಬೇಕು. ಮೊದ್ಲು ಹೇಳೋದು ಕಲ್ತ್ಕೊಳ್ಳಿ. ಭಾನುವಾರ ಎಲ್ರನ್ನೂ ಕರ್ಕೊಂಡ್ ಬನ್ನಿ” ಎಂದರು ದೊಡ್ಡಪ್ಪ.

ಭಾನುವಾರ ಅಡುಗೆಮನೆ ತುಂಬ ಟರ್ನರುಗಳು! ದೊಡ್ಡಪ್ಪ ದೊಡ್ಡಮ್ಮನನ್ನು ನಡುವೆ ನಿಲ್ಲಿಸಿ, “ಇದೇ ಮೆಷಿನ್ನು. ಹೇಳಿದಷ್ಟೇ ಮಾಡುತ್ತೆ. ಕಾಫಿ ಮಾಡ್ಸಿ ನೋಡೋಣ” ಎಂದು ಸವಾಲು ಹಾಕಿದರು.

“ಅದೇನ್ ಮಹಾ? ಅಮ್ಮಾ, ಹಾಲು ಹಾಕಿ” ಎಂದರು ರಹೀಂ ಸಾಹೇಬರು.

ದೊಡ್ಡಮ್ಮ ಹಾಲನ್ನು ನೆಟ್ಟಗೆ ನೆಲಕ್ಕೆ ಹಾಕಿದರು! ಪಾತ್ರೆಗೆ ಎಂದು ಯಾರು ಹೇಳಿದ್ದರು? ನಾನು ಒಂದು ತೊಟ್ಟು ಚೆಲ್ಲಿದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದ ಹೆಂಗಸು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನಿಂತಿದ್ದರು. ನಾನು ನಕ್ಕಿದ್ದಕ್ಕೆ ನೆಲ ಒರೆಸುವ ಕೆಲಸ ನನಗೇ ಬಂತು.

ಮುಂದಿನ ವಾರದಿಂದ ಹಾಲಿನ ಬದಲು ನೀರು. ಆಮೇಲೆ ಬಾಯಿಮಾತೂ ನಿಂತಿತು. ದೊಡ್ಡಪ್ಪ ಪರಿಚಯದ ಬಸ್ ಕಂಡಕ್ಟರನಿಂದ ಟಿಕೆಟ್ ತೂತು ಮಾಡುವ ಹಳೆಯ ಪಂಚ್ ತಂದರು. ಹಳೇ ಕ್ಯಾಲೆಂಡರಿನ ಪಟ್ಟಿಗಳಲ್ಲಿ ತೂತು ಬಿದ್ದವು: ಒಂದು ತೂತಿಗೆ ಸ್ಟವ್ ಹಚ್ಚುವುದು, ಎರಡಕ್ಕೆ ಪಾತ್ರೆ ಇಡುವುದು, ಹೀಗೆ. ದೊಡ್ಡಮ್ಮ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿ ಕಾಫಿ ಮಾಡುತ್ತಿದ್ದರು. ಒಂದು ದಿನ ಕಾಫಿ ಇಳಿಸಿದ ಮೇಲೂ ಸ್ಟವ್ ಭರ್ ಎಂದು ಉರಿಯುತ್ತಲೇ ಇತ್ತು.

“ಆರ್ಸೋ ತೂತು ಎಲ್ಲಿ ಸಾಹೇಬ್ರೇ? ಕಾರ್ಖಾನೆ ಸುಟ್ಟ್ ಹೋಗುತ್ತೆ!” ಎಂದು ಮೆಷಿನ್ನೇ ಬೈಯಿತು.

ಹೊಸ ಮೆಷಿನ್ನಿಗೆ ಜನರನ್ನು ಆರಿಸಲು ಕಾರ್ಖಾನೆಯಲ್ಲಿ ಪರೀಕ್ಷೆ ನಡೆಯಿತು. ನಮ್ಮ ಅಡುಗೆಮನೆಯ ತಂಡವಷ್ಟೂ ಪಾಸು! ದೊಡ್ಡಪ್ಪ ಮಾತ್ರ ಪರೀಕ್ಷೆಗೇ ಕೂತಿರಲಿಲ್ಲ. ನನಗೆ ಸಿಟ್ಟೇ ಬಂತು.

“ಯಾಕ್ ದೊಡ್ಡಪ್ಪ?”

“ಅದು ಬರೋದು ಮುಂದಿನ್ ವರ್ಷ ಕಣಮ್ಮ. ನಾನು ಈ ಯುಗಾದಿಗೇ ರಿಟೈರು.”

“ಮೊದ್ಲೇ ಗೊತ್ತಿತ್ತಾ? ಮತ್ತೆ ಇಷ್ಟೆಲ್ಲಾ ಯಾಕ್ ಮಾಡಿದ್ರಿ?”

“ಸಾಬ್ರ ಮಕ್ಕಳು ಇನ್ನೂ ಸಣ್ಣೋವು” ಎಂದು ಅವರು ಪೇಪರು ಬಿಡಿಸಿದರು.

ಮರುವರ್ಷ ರಹೀಂ ಸಾಹೇಬರು ಬಂದಾಗ ದೊಡ್ಡಮ್ಮ ಹಾಲು ಕಾಯಲಿಟ್ಟು ಹೊರಗೆ ಬಂದರು. ಸಾಹೇಬರು ಕರವಸ್ತ್ರದಿಂದ ಒಂದು ಹಿತ್ತಾಳೆಯ ತುಂಡು ಬಿಚ್ಚಿಟ್ಟರು. ಅವರು ಕೊರೆದ ಪಟ್ಟಿ ಓದಿ ಹೊಸ ಮೆಷಿನ್ನು ಮೊಟ್ಟಮೊದಲು ಕಡೆದದ್ದು. ಮೇಲಿನವರನ್ನು ಕೇಳಿಯೇ ತಂದಿದ್ದರು. ದೊಡ್ಡಪ್ಪ ಕ್ಯಾಲಿಪರ್ ತಂದರು. ಒಂದೊಂದು ಅಂಚನ್ನೂ ಅಳೆದರು. ಜನ್ಮದಲ್ಲಿ ಒಂದು ಒಬ್ಬಟ್ಟನ್ನೂ ಒಪ್ಪದ ಮನುಷ್ಯ!

“ಪಾಸ್” ಎಂದರು. ಆ ತುಂಡನ್ನು ದೊಡ್ಡಮ್ಮನ ಕೈಗಿಟ್ಟು, “ತಗೋ, ಇದ್ರಲ್ಲಿ ನಿನ್ ಕೆಲ್ಸಾನೂ ಇದೆ” ಎಂದರು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಇವರು ನಮ್ಮವರು ಎಂದು ನನಗೆ ಬೀದಿಗೆಲ್ಲ ಕೂಗಿ ಹೇಳಬೇಕೆನಿಸಿತು. ಒಳಗೆ ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರಿಯುತ್ತಿತ್ತು. ಆರಿಸುವ ತೂತನ್ನು ಈ ಸಲ ನಾವೆಲ್ಲರೂ ಮರೆತಿದ್ದೆವು.