ಜಮಖಾನೆಯ ಕೆಳಗಿನ ಅಣಬೆ

ಎರಡು ಅಣಬೆಗೆ ನಾವು ತೆತ್ತದ್ದು ಕಾರಿನ ಒಂದು ಟ್ಯಾಂಕ್ ಗ್ಯಾಸು, ನನ್ನ ಹೊಸ ಶೂಸು, ಜೊತೆಗೆ ನನ್ನ ಮೊಣಕಾಲಿನ ಹಿಂದೆ ಬಿಡಾರ ಹೂಡಿದ ಒಂದು ಉಣ್ಣಿಯ ಕಾಟ. ಅಂಗಡಿಯಲ್ಲಿ ಇದಕ್ಕಿಂತ ಅಗ್ಗ. ಚೌಕಾಸಿ ಮಾಡಿದ್ದರೆ ಇನ್ನೂ ಅಗ್ಗ. ಆದರೆ ಹೊರಟಿದ್ದು ನನ್ನ ಭಾವನ ಜೊತೆ. ಈ ಭೂಮಿಯ ಮೇಲೆ ಹೊಟ್ಟೆಯಲ್ಲಿ ಗುಟ್ಟು ದಕ್ಕದ ಮನುಷ್ಯರು ಯಾರಾದರೂ ಇದ್ದರೆ ಅವರೇ!

ಕಾರಣ ನನ್ನ ಅಕ್ಕ. ಕೋವಿಡ್ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ವರ್ಷ ಕಳೆದರೂ ವಾಸನೆ, ರುಚಿ ಎರಡೂ ಇಲ್ಲ. ಒಗ್ಗರಣೆಯನ್ನು ಗಡಿಯಾರ ನೋಡಿಕೊಂಡು ಹಾಕುತ್ತಿದ್ದಳು. ಭಾವ ಅವಳ ಮೂಗಿಗೆ ಇಂಗು ಹಿಡಿದರು, ಹಲಸಿನ ಹಣ್ಣು ಹಿಡಿದರು, ಕೊನೆಗೆ ಕ್ರಿಕೆಟ್ ಆಡಿ ಬಂದ ಸಾಕ್ಸನ್ನೂ ಹಿಡಿದರು. ಅಕ್ಕ ಅಲುಗಲಿಲ್ಲ, ನನಗೆ ಎರಡು ದಿನ ತಲೆನೋವು.

ಆಮೇಲೆ ಎಲ್ಲೋ ಓದಿಕೊಂಡು ಬಂದರು. "ಮೊರೆಲ್ ಅಂತ ಕಾಡಣಬೆ ಕಣೋ. ಜೇನುಗೂಡಿನ ಥರ ಇರತ್ತೆ. ಫ್ರೈ ಮಾಡಿದ್ರೆ ಬೀದಿಗೆಲ್ಲ ಸ್ಮೆಲ್ ಬರತ್ತಂತೆ!"

"ಭಾವ, ಅಕ್ಕ ಅಣಬೇನ ಅಡುಗೆಮನೆ ಒಳಗೇ ಬಿಡಲ್ವಲ್ಲ?"

"ಹಿಂದ್ಗಡೆ ಡೆಕ್ ಮೇಲೆ ಹುರೀತೀನಿ. ತಿನ್ನು ಅಂದೋರ್ಯಾರು? ಮೂಸಿದ್ರೆ ಸಾಕು."

ಏಪ್ರಿಲ್‌ನಲ್ಲಿ, ನಾವಿರುವ ಅಮೆರಿಕದ ಆಶ್‌ಬರ್ನ್ ದಾಟಿ, ಅಣಬೆ ಕೀಳಲು ಅಡ್ಡಿಯಿಲ್ಲದ ಕಾಡೊಂದಕ್ಕೆ ಹೋದೆವು. ಈರುಳ್ಳಿ ತಂದ ಬಲೆಚೀಲವೇ ನಮ್ಮ ಬುಟ್ಟಿ. ಬೆಳಗಿನಿಂದ ಬಗ್ಗಿ ಬಗ್ಗಿ ನಡೆದು ಸಿಕ್ಕಿದ್ದು ಮೂರು ಗಾಲ್ಫ್ ಚೆಂಡು. ಎದುರಿಗೆ ಚೀಲ ತುಂಬ ಮೊರೆಲ್ ಹೊತ್ತ ಅಮೆರಿಕನ್ ಅಜ್ಜನೊಬ್ಬ ಬಂದ. ಎಲ್ಲಿ ಸಿಕ್ಕಿತೆಂದು ಕೇಳಿದರೆ "ಕಾಡಿನಲ್ಲಿ" ಎಂದ! ಭಾವ ಬಿಡುತ್ತಾರೆಯೆ? ನಿಂತಲ್ಲೇ ಅಕ್ಕನ ಮೂಗಿನ ಪುರಾಣವನ್ನೆಲ್ಲ ಒಪ್ಪಿಸಿದರು. ಅಜ್ಜ ಕರಗಿ ಒಂದು ದಿಬ್ಬ ತೋರಿಸಿದ. "ಮುಂದಿನ ಶನಿವಾರ ಬಾ. ಯಾರಿಗೂ ಹೇಳಬೇಡ."

ಹೇಳಬೇಡ ಎಂದು ಹೇಳಿದ್ದು ಯಾರಿಗೆ! ನಮ್ಮ ಕಾರು ಸ್ಟಾರ್ಟ್ ಆಗುವ ಮೊದಲೇ ಆ ದಿಬ್ಬದ ಲೊಕೇಶನ್ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿತ್ತು.

ಶನಿವಾರ ಹದಿನಾಲ್ಕು ಕಾರು ಬಂದವು. ಪುಳಿಯೋಗರೆ ಟ್ರೇ, ಮೊಸರನ್ನ, ಜಮಖಾನೆ, ಅಂತ್ಯಾಕ್ಷರಿ. ಜಿಂಕೆಗಳು ಆ ಕಾಡನ್ನೇ ಬಿಟ್ಟು ಹೋಗಿರಬೇಕು.

"ಯಾಕ್ ಭಾವ ಗ್ರೂಪಿಗೆ ಹಾಕಿದ್ರಿ?" ಎಂದೆ.

"ಎಲ್ರೂ ಹುಡುಕಿದ್ರೆ ಬೇಗ ಸಿಗತ್ತೆ ಅಂದ್ಕೊಂಡೆ ಕಣೋ. ಸೀಸನ್ ಮುಗೀತಾ ಬಂತು." ತಟ್ಟೆ ಮುಟ್ಟದೆ ಖಾಲಿ ಬಲೆಚೀಲ ಹಿಡಿದು ಕೂತಿದ್ದರು.

ಊಟ ಮುಗಿಸಿ ಜಮಖಾನೆ ಎತ್ತಿದರೆ, ಅದರಡಿಯಲ್ಲೇ ಎರಡು ಮೊರೆಲ್! ಒಂದು ಹಪ್ಪಳವಾಗಿತ್ತು, ಇನ್ನೊಂದು ಸೊಂಟ ಮುರಿದು ಮಲಗಿತ್ತು. ಅಷ್ಟರಲ್ಲಿ ಬಂದ ಅಜ್ಜ ನಮ್ಮ ಜಾತ್ರೆ ನೋಡಿ ನಿಟ್ಟುಸಿರಿಟ್ಟ. ಎರಡನ್ನೂ ಉದ್ದಕ್ಕೆ ಸೀಳಿ, ಒಳಗೆ ಪೂರ್ತಿ ಟೊಳ್ಳು, ಅಸಲಿ ಮಾಲೇ ಎಂದು ಖಾತ್ರಿ ಮಾಡಿಕೊಟ್ಟ.

ಸಂಜೆ ಭಾವ ಡೆಕ್ ಮೇಲೆ ಒಲೆ ಹಚ್ಚಿ, ತುಪ್ಪ ಸುರಿದು ಹುರಿದರು. ಪಕ್ಕದ ಮನೆಯ ನಾಯಿ ಬೇಲಿಗೆ ಬಂದು ನಿಂತಿತು. ಜಾಲರಿ ಬಾಗಿಲಿನಾಚೆ ಅಕ್ಕ ನಮಗೆ ಬೆನ್ನು ಹಾಕಿ ಚಪಾತಿ ಲಟ್ಟಿಸುತ್ತಿದ್ದಳು, ತಿರುಗಲಿಲ್ಲ. ಭಾವ ಬಾಣಲೆ ಮರೆತು ಆ ಬೆನ್ನನ್ನೇ ನೋಡುತ್ತ ನಿಂತರು. ಅಣಬೆ ಕಂದಾಯಿತು, ಕಪ್ಪಾಯಿತು.

"ರೀ, ತುಪ್ಪ ಸೀದುಹೋಗ್ತಿದೆ!" ಅಕ್ಕ ತಿರುಗದೆಯೇ ಕೂಗಿದಳು.

ಲಟ್ಟಣಿಗೆ ನಿಂತಿತು. ನಾನು ಒಲೆ ಆರಿಸಲು ಕೈ ಚಾಚಿದೆ. ಭಾವ ನನ್ನ ಕೈ ಹಿಡಿದುಕೊಂಡರು.

"ಇನ್ನೊಂದ್ಸಲ ಹೇಳೇ," ಎಂದರು.

ಮೊದಲ ಸಲ ಮೊರೆಲ್‌ಗೆ ಹೊರಡುವವರಿಗೆ ನನ್ನ ಸಲಹೆ: ಚೀಲಕ್ಕೆ ದುಡ್ಡು ಸುರಿಯಬೇಡಿ, ಈರುಳ್ಳಿಯದೇ ಸಾಕು. ಕಾಲುಚೀಲದೊಳಗೆ ಪ್ಯಾಂಟು ತುರುಕಿ. ಬಲ್ಲವರಿಗೆ ತೋರಿಸದೆ, ಚೆನ್ನಾಗಿ ಬೇಯಿಸದೆ ಬಾಯಿಗಿಡಬೇಡಿ. ಜಮಖಾನೆ ಹಾಸುವ ಮುನ್ನ ನೆಲ ನೋಡಿ. ಉರಿ ಸಣ್ಣಗಿರಲಿ. ಆದರೆ ಒಳಗಿನಿಂದ ಯಾರಾದರೂ ಸೀದುಹೋಯಿತು ಎಂದು ಕೂಗಿದರೆ, ಒಲೆ ಆರಿಸಲು ಅಷ್ಟೊಂದು ಅವಸರ ಮಾಡಬೇಡಿ.