ಕಪಾಟಿನಲ್ಲುಳಿದ ಚೀಟಿ, ಡಬ್ಬಿಯಲ್ಲಿ ಹೋದ ಗುಳಿಗೆ

ಸರಕಾರಿ ನೌಕರನಿಗೆ ನಿವೃತ್ತಿ ಇರುವುದು ಕುರ್ಚಿಯಿಂದ ಮಾತ್ರ, ಚಾಳಿಯಿಂದಲ್ಲ. ಚಿತ್ತಾಪುರದ ತಹಶೀಲ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಾನು ಕಲಿತ ವಿದ್ಯೆ ಒಂದೇ: ಅಸಲು ಕಾಗದ ಕಪಾಟಿನಲ್ಲಿರಬೇಕು, ಹೊರಗೆ ಹೋಗಬೇಕಾದದ್ದು ನಕಲು.

ಕುವೈತಿನಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನ ಹೆಂಡತಿಯ ತಮ್ಮ, ಮೂರು ತಿಂಗಳು ಇದ್ದು ಹೋಗಿರೆಂದು ನಮ್ಮಿಬ್ಬರಿಗೂ ಟಿಕೀಟು ಕಳಿಸಿದ. ನನಗೋ ಬಿ.ಪಿ., ಸಕ್ಕರೆ, ಮೇಲೊಂದು ಹೃದಯದ ತಕರಾರು. ಒಂದು ಹೊತ್ತು ಗುಳಿಗೆ ತಪ್ಪಿದರೆ ಎದೆ ಹಿಡಿದುಕೊಂಡು ಕೂಡುವ ಆಸಾಮಿ. ಶಹಾಬಾದಿನ ಡಾಕ್ಟರು ಇಂಗ್ಲಿಷಿನಲ್ಲಿ ಚೀಟಿ ಬರೆದು, "ಇದನ್ನ ಜೋಪಾನ ಇಟ್ಕೋರಿ" ಎಂದರು. ಜೋಪಾನವಾಗಿಯೇ ಇಟ್ಟೆ, ಮನೆಯ ಕಪಾಟಿನಲ್ಲಿ. ಅದನ್ನು ಅಚ್ಚುಕಟ್ಟಾಗಿ ಕನ್ನಡಕ್ಕೆ ಇಳಿಸಿ, ಮೂರು ಪ್ರತಿ ಮಾಡಿ, ಹಳೆಯ ಕಚೇರಿಗೆ ಹೋಗಿ ದುಂಡು ಮೊಹರು ಹೊಡೆಸಿಕೊಂಡು ಬಂದೆ. ಅಷ್ಟಕ್ಕೇ ಬಿಟ್ಟೆನೇ? ಪೆಟ್ಟಿಗೆ ಹಗುರಾಗಲೆಂದು ಗುಳಿಗೆಗಳನ್ನೆಲ್ಲ ಸೀಸೆಗಳಿಂದ ತೆಗೆದು ಒಂದೇ ಸ್ಟೀಲ್ ಡಬ್ಬಿಗೆ ಸುರಿದೆ.

"ಅಸಲಿ ಕಾಗದ ಒಯ್ಯೂದು ಬ್ಯಾಡೇನ್ರಿ?" ಎಂದಳು ಹೆಂಡತಿ ಶಾಂತಮ್ಮ.

"ನಿನಗೇನ್ ತಿಳೀತದ, ಸುಮ್ ಕುಂದ್ರು" ಎಂದೆ.

ಕುವೈತಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಡಬ್ಬಿ ತೆರೆದ. ಎಲ್ಲವೂ ಬಿಳಿ, ಎಲ್ಲವೂ ದುಂಡಗೆ. ನಾನು ಗತ್ತಿನಿಂದ ಮೂರೂ ಪ್ರತಿ ಮುಂದಿಟ್ಟೆ. ಅವನು ಮೊಹರನ್ನು ತಲೆಕೆಳಗು ಮಾಡಿ ನೋಡಿ, ಡಬ್ಬಿಯನ್ನು ತನ್ನ ಮೇಜಿನ ಆಚೆಗೆ ಸರಿಸಿದ. ನನ್ನ ಮೂರು ತಿಂಗಳ ಆಯುಷ್ಯವೇ ಆ ಡಬ್ಬಿಯಲ್ಲಿತ್ತು.

ಅಲ್ಲಿನ ಡಾಕ್ಟರನ್ನು ಕರೆಸಿದರು. ಪುಣ್ಯಕ್ಕೆ ಆತನಿಗೆ ಉರ್ದು ಬರುತ್ತಿತ್ತು. ಯಾವುದು ಯಾತಕ್ಕೆ ಎಂದು ಕೇಳಿದ. ನಾನು ಬೆಬ್ಬೆಬ್ಬೆ ಎಂದೆ. ಮನೆಯಲ್ಲಿ ಅಂಗೈಗೆ ಬಿದ್ದದ್ದನ್ನು ನುಂಗಿ ಗೊತ್ತೇ ಹೊರತು ನೋಡಿ ಗೊತ್ತಿಲ್ಲ.

"ಸರೀರಿ ಅತ್ಲಾಗ" ಎಂದು ಶಾಂತಮ್ಮ ಮುಂದೆ ಬಂದಳು. ತೊಗರಿಬೇಳೆ ಆರಿಸುವಂತೆ ಗುಳಿಗೆಗಳನ್ನು ಮೂರು ಗುಂಪು ಮಾಡಿದಳು. ನಡುವೆ ಗೆರೆ ಇದ್ದದ್ದು ಬಿ.ಪಿ.ಗೆ, ದಪ್ಪನೆಯದು ಸಕ್ಕರೆಗೆ, ಸಣ್ಣದು ಎದೆಗೆ ಎಂದು ನಮ್ಮೂರ ಉರ್ದುವಿನಲ್ಲೇ ಒಪ್ಪಿಸಿದಳು. ಡಾಕ್ಟರ್ ಒಂದೊಂದನ್ನೂ ಬೆಳಕಿಗೆ ಹಿಡಿದು ಮೇಲಿನ ಅಚ್ಚಕ್ಷರ ನೋಡಿ ತಲೆಯಾಡಿಸಿದ. ನಾನು ಕೈ ಚಾಚಿದೆ. ಆತ ಡಬ್ಬಿಯನ್ನು ಆಕೆಯ ಕೈಗೆ ಕೊಟ್ಟ.

ನನ್ನ ಸಹಿ ಇಲ್ಲದೆ ತಾಲೂಕಿನಲ್ಲಿ ಒಂದು ಕಾಗದವೂ ಅಲ್ಲಾಡುತ್ತಿರಲಿಲ್ಲ. ನನ್ನದೇ ಗುಳಿಗೆ ನನಗೆ ಸಿಕ್ಕಿದ್ದು ಸಹಿ ಮಾಡಲೂ ಬಾರದ ಹೆಂಡತಿಯ ಮಾತಿನ ಮೇಲೆ. ಭಾಳ ಅವಮಾನವಾಯಿತು. ಮುಖ ಕೆಂಪಗಾಯಿತು.

ಶಾಂತಮ್ಮ ನನ್ನ ಮುಖ ನೋಡಿದವಳೇ ಗೆರೆಯ ಗುಳಿಗೆಯೊಂದನ್ನು ಹೆಕ್ಕಿದಳು. "ಬಾಯಿ ತೆಗೀರಿ" ಎಂದಳು.

ಇದು ಯಾವ ಗುಳಿಗೆ ಎಂದು ಕೇಳದೆ ಬಾಯಿ ತೆರೆದೆ.