ರೈತನ ಮಗನ ಬದನೆಕಾಯಿ

ತಪ್ಪು ಮಾಡಲು ನನಗೆ ಯಾವತ್ತೂ ಯಾರ ಸಹಾಯವೂ ಬೇಕಾಗಿಲ್ಲ. ಒಪ್ಪಿಕೊಳ್ಳುವ ಹೊತ್ತಿಗೆ ಮಾತ್ರ ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತೇನೆ. ನಾನು ಬೂದಿಕೋಟೆ ಕಡೆಯವನು. ಅಪ್ಪ ಉಳುವಾಗ ಬದುವಿನ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇ ನನ್ನ ಒಟ್ಟು ಬೇಸಾಯ. ಆದರೂ ಕೆ.ಜಿ.ಎಫ್.ನ ಶಾಲೆಗೆ ಮೇಷ್ಟ್ರಾಗಿ ಬಂದ ದಿನದಿಂದ 'ನಾನು ರೈತನ ಮಗ' ಎಂದು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದೆ. ಬಿಸಿಯೂಟದ ಸಾಂಬಾರಿಗೆ ಮಕ್ಕಳೇ ತರಕಾರಿ ಬೆಳೆಯಲಿ ಎಂದು ಮುಖ್ಯೋಪಾಧ್ಯಾಯಿನಿ ಹೊರಟಾಗ ಎಲ್ಲರ ಬೆರಳೂ ನನ್ನ ಕಡೆಗೇ ತಿರುಗಿತು. ಮಾಡಿಕೊಂಡಿದ್ದು ನಾನೇ.

ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯ ಸೆಲ್ವಿ, ಏಳನೇ ತರಗತಿ, ತನ್ನ ಪಾಟಿ, ಅಂದರೆ ಅಜ್ಜಿ, ಬೆಳೆಸಿದ ಬದನೆ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಳು. ಮೊದಲ ಕಾಯಿ ಅಜ್ಜಿಗೆ ಕೊಡುತ್ತೇನೆಂದು ಮಾತು ಕೊಟ್ಟೇ ತಂದಿದ್ದಳು. ಕೆರೆ ಒಣಗಿದಾಗ ತಳದ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮೂರ ಪದ್ಧತಿ. ಅದರ ಮಹಿಮೆಯನ್ನು ನಾನು ಒಂದು ಪೀರಿಯಡ್ ಪೂರ್ತಿ ಕೊರೆದೆ. ಶಾಲೆಯ ಹಿಂದಿನ ತಗ್ಗಿನಲ್ಲಿ ಬೂದುಬಣ್ಣದ ನುಣ್ಣನೆಯ ಮಣ್ಣು ಕಂಡಾಗ ನನಗೆ ಊರ ಕೆರೆಯೇ ಕಂಡಂತಾಯಿತು. "ತುಂಬ್ರೋ ಬುಟ್ಟಿಗೆ!" ಎಂದೆ.

ಸೆಲ್ವಿ ಕದಲಲಿಲ್ಲ. "ಸಾರ್, ಇದು ಕೆರೆ ಮಣ್ಣಲ್ಲ. ಮೈನ್ಸ್ ಗುಡ್ಡೆಯಿಂದ ಮಳೇಲಿ ಕೊಚ್ಕೊಂಡು ಬಂದಿರೋದು. ಇದ್ರಾಗೆ ಉಲ್ಲೂ ಬರಲ್ಲ ಅಂತ ಪಾಟಿ ಏಳ್ತಾರೆ."

"ನಿಮ್ಮ ಪಾಟಿ ಹೊಲ ಉತ್ತಿದ್ದಾರೇನಮ್ಮ? ನಾನು ರೈತನ ಮಗ."

ಮಕ್ಕಳು ನಕ್ಕರು. ಅವಳೂ ಬುಟ್ಟಿ ಹಿಡಿದಳು. ಗಣಿಯವರು ಕಲ್ಲು ಅರೆದು ಚಿನ್ನ ತೆಗೆದು ಬಿಸಾಡಿದ ವಿಷದ ಪುಡಿಯನ್ನು ಮಕ್ಕಳ ಬರಿಗೈಯಲ್ಲಿ ಹೊರಿಸಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ಅಸಹ್ಯವಾಗುತ್ತದೆ.

ಆ ಮಣ್ಣಿನಲ್ಲಿ ನೆಟ್ಟ ಮೂರನೇ ವಾರಕ್ಕೆ ಸಸಿಗಳು ಸುಟ್ಟ ಹಪ್ಪಳದ ಹಾಗೆ ಮುದುಡಿದವು. ಯಾಕೆ ಹೀಗಾಯಿತು ಎಂದು ಮುಖ್ಯೋಪಾಧ್ಯಾಯಿನಿ ತರಗತಿಯ ಬಾಗಿಲಲ್ಲೇ ನಿಂತು ಕೇಳಿದರು. "ಸಸಿಗಳೇ ಸರಿಯಿರಲಿಲ್ಲ ಮೇಡಂ" ಎಂದುಬಿಟ್ಟೆ. ಮೊದಲನೇ ಬೆಂಚಿನಲ್ಲಿದ್ದ ಸೆಲ್ವಿ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಪುಸ್ತಕ ತೆರೆದಳು. ಅವಳು ಅತ್ತಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು.

ಕೆಲವು ತಿಂಗಳು ಕಳೆದ ಮೇಲೆ ಅವಳು ಸ್ಟಾಫ್ ರೂಮಿಗೆ ಬಂದು ಮೇಜಿನ ಮೇಲೆ ಆರು ಬದನೆಕಾಯಿ ಇಟ್ಟಳು, ಮಿರಮಿರ ಮಿಂಚುವಂಥವು.

"ಅದೇ ಸಸಿ ಸಾರ್. ಮನೇಲಿ ನಾಲ್ಕು ಉಳಿದಿದ್ವು. ಎಣ್ಣೆ ಡಬ್ಬಾದಾಗೆ ಆಕಿದ್ವಿ."

"ಮಣ್ಣು?"

"ನಿಮ್ಮ ಬೂದಿಕೋಟೆ ಕಡೇದು. ಕೆರೆ ಗೋಡು ಒಳ್ಳೇದು ಅಂತ ನೀವೇ ಏಳಿದ್ರಲ್ಲ ಸಾರ್? ಪಾಟಿ ಮೂಟೆ ಕಟ್ಕೊಂಡು ಬಸ್ಸಲ್ಲಿ ತಂದ್ರು. ಮೊದಲ್ನೇ ಕಾಯಿ ಸಾರ್‌ಗೇ ಕೊಡು ಅಂದ್ರು."

ನನ್ನ ಪಾಠವನ್ನು ನಂಬಿದ್ದು ಇಡೀ ಊರಿನಲ್ಲಿ ಆ ಮುದುಕಿಯೊಬ್ಬಳೇ. ಸಸಿ ಚೆನ್ನಾಗಿಯೇ ಇತ್ತು, ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ಸಹೋದ್ಯೋಗಿಗಳೆಲ್ಲ ಕಿವಿ ನಿಮಿರಿಸಿ ಕೂತಿದ್ದರು. "ಥ್ಯಾಂಕ್ಸಮ್ಮ, ಕ್ಲಾಸಿಗೆ ಹೋಗು" ಎಂದೆ.

ರಾತ್ರಿ ಎಣ್ಣೆಗಾಯಿ ಬಡಿಸುತ್ತ ಹೆಂಡತಿ ಕೇಳಿದಳು, "ಎಂಥಾ ಎಳೇ ಕಾಯಿ! ಯಾವ ತೋಟದ್ದು ರೀ?"

"ನಮ್ಮ ಸ್ಕೂಲ್ ತೋಟದ್ದು."

"ಪರವಾಗಿಲ್ಲ, ರೈತನ ಮಗ ಅನ್ನೋದನ್ನ ತೋರಿಸಿಬಿಟ್ರಿ" ಎಂದಳು. ನಾನು ತಟ್ಟೆ ಮುಂದೆ ಮಾಡಿ ಇನ್ನೊಂದು ಕಾಯಿ ಹಾಕಿಸಿಕೊಂಡೆ.